ರೊಟ್ಟಿ ಡಬ್ಬಿಯ ಚೀಟಿಗಳು

ಹೊಸ ಸೀಮೆಸುಣ್ಣ ಕೈಗೆ ಬಂದರೆ ಮೇಷ್ಟ್ರು ಮೊದಲು ಅದನ್ನು ಎರಡು ತುಂಡು ಮಾಡುತ್ತಿದ್ದರು. ಇಡೀ ಸೀಮೆಸುಣ್ಣ ಬೋರ್ಡಿನ ಮೇಲೆ ಕಿರುಗುಟ್ಟುತ್ತದೆ, ಮುರಿದದ್ದು ಸುಮ್ಮನೆ ಬರೆಯುತ್ತದೆ ಎನ್ನುತ್ತಿದ್ದರು. ಒಂದು ತುಂಡು ತಮಗೆ. ಇನ್ನೊಂದು ಅವತ್ತು ಯಾರು ತೂಕಡಿಸುತ್ತಿದ್ದರೋ ಅವರಿಗೆ. "ಬಾರಪ್ಪಾ ಕುಂಭಕರ್ಣ, ಇವತ್ತಿನ ಪಾಠ ನಿಂದೇ" ಎಂದು ಕರೆದರೆ ಎದ್ದು ಬರುವಷ್ಟರಲ್ಲಿ ನಿದ್ದೆ ಹಾರಿರುತ್ತಿತ್ತು.

ಚಂದನಾ, ಇದು ನಿನಗೂ ನೆನಪಿರಬಹುದು. ನೀನು ಒಳಗೆ ಕೂತು ನೋಡಿದವಳು, ನಿನ್ನ ಅಜ್ಜಿ ನಾನು ಹೊರಗೆ ಕೂತು ನೋಡಿದವಳು. ಹೋದ ತಿಂಗಳು ಹರಿಹರದಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ನಿನಗೂ ನಿನ್ನ ತಮ್ಮನಿಗೂ ನಾನು ಹೇಳಬೇಕಾದ ಒಂದು ಮಾತು ಮೂರು ವರ್ಷದಿಂದ ಉಳಿದಿದೆ. ನೀನು ಹಾಸ್ಟೆಲ್‌ನಲ್ಲಿದ್ದೀ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, "ಊಟ ಆಯ್ತಾ" ಎಂದ ಮೇಲೆ ಫೋನು ನಿಮ್ಮಮ್ಮನ ಕೈಗೆ ಕೊಟ್ಟುಬಿಡುತ್ತೇನೆ. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆ, ಅದರಲ್ಲೇ ಬರೆಯುತ್ತೇನೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನಿಂದಾಗಿ ಆ ಹೆಸರು ಒಮ್ಮೆ ನಾಲ್ಕು ಜನರ ಬಾಯಿಗೆ ಬಿದ್ದಿದೆ.

ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಒಂದು ದೊಡ್ಡ ಮನೆಯ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದರು ಮೇಷ್ಟ್ರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಕ್ಕ ಒಬ್ಬರು ಹರಿಹರದಲ್ಲಿದ್ದರು. ಹೊರಗಿನ ಕೋಣೆಯಲ್ಲಿ ಟ್ಯೂಷನ್, ಒಳಗಿನದರಲ್ಲಿ ಸಂಸಾರ. ಸಂಸಾರ ಅಂದರೆ ಒಂದು ಸ್ಟೋವು, ಒಂದು ಮಂಚ, ಗೋಡೆಯ ತುಂಬ ಪುಸ್ತಕ. ಅಂಗಿಯ ಜೇಬಿನಲ್ಲಿ ಯಾವಾಗಲೂ ಕೆಂಪು ಪೆನ್ನು ಸೋರಿ ಒಂದು ಕಲೆ. ಸೈಕಲ್ ಇತ್ತು, ಆದರೆ ಅದನ್ನು ಹತ್ತಿದ್ದಕ್ಕಿಂತ ತಳ್ಳಿಕೊಂಡು ನಡೆದದ್ದೇ ಹೆಚ್ಚು. ಮೂಲೆಯ ಹೋಟೆಲ್‌ನಲ್ಲಿ ದೋಸೆಗೆ ಕೂತರೆ "ಬೆಣ್ಣಿ ಬ್ಯಾಡಪ್ಪ" ಎನ್ನುತ್ತಿದ್ದರು. ಆ ಹೋಟೆಲಿನವನು ಒಂದು ದಿನ ರಸ್ತೆಗೆ ಕೇಳುವಂತೆ, "ದಾವಣಗೆರ್‍ಯಾಗೆ ಇದ್ದು ಬೆಣ್ಣಿ ಬ್ಯಾಡ ಅಂತೀರಲ್ಲ ಮೇಷ್ಟ್ರೇ, ನಿಮ್ಮ ಮ್ಯಾಲೆ ಕೇಸ್ ಹಾಕ್ಬೇಕು ನೋಡ್ರಿ" ಎಂದ. ಮೇಷ್ಟ್ರು, "ಹಾಕಪ್ಪ, ಜೈಲಿನಾಗೆ ಊಟಕ್ಕೆ ಜೊತೆ ಆದ್ರೂ ಸಿಗ್ತದೆ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಒಬ್ಬರೇ ಉಣ್ಣುವುದು ಏನೆಂದು ನನಗೆ ಗೊತ್ತಿತ್ತು.

ನಿಮ್ಮ ತಾತ ಹೋದ ಮೇಲೆ ನಾನು ಊರು ಬಿಟ್ಟು ಶಾಮನೂರಿನ ಕಡೆ ಹೊಸ ಬಡಾವಣೆಯ ನಿಮ್ಮ ಮನೆಗೆ ಬಂದೆ. ನಿಮ್ಮಪ್ಪನಿಗೆ ಅಂಗಡಿ, ಅಮ್ಮನಿಗೆ ಕ್ಲಿನಿಕ್ಕಿನ ಕೆಲಸ, ನಿಮಗೆ ಸ್ಕೂಲು. ಹಗಲೆಲ್ಲ ನಾನು, ಗಡಿಯಾರ. ಯಾರೂ ನನ್ನನ್ನು ಕಷ್ಟದಲ್ಲಿಡಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಸಂಜೆ ಊಟಕ್ಕೆ ಕೂತಾಗ ನೀವಿಬ್ಬರೂ ಇಂಗ್ಲಿಷಿನಲ್ಲಿ ಏನೋ ಮಾತಾಡಿ ನಗುತ್ತಿದ್ದಿರಿ. ನಿಮ್ಮಮ್ಮನೂ ನಗುತ್ತಿದ್ದಳು. ಎಲ್ಲರೂ ನಕ್ಕಾದ ಮೇಲೆ ನಾನೂ ನಗುತ್ತಿದ್ದೆ, ಯಾಕೆಂದು ತಿಳಿಯದೆ. ನೀನು ಒಂದು ಸಲ "ಅಜ್ಜಿ ನಗು ಲೇಟಾಗಿ ಬರ್ತದೆ" ಎಂದಿದ್ದೆ. ಪ್ರೀತಿಯಿಂದಲೇ ಎಂದಿದ್ದೆ. ಆದರೆ ಅವತ್ತಿನಿಂದ ನನಗೆ ಒಂದೇ ಆಸೆ ಹುಟ್ಟಿತು. ನಿಮ್ಮ ಜೊತೆಗೇ ನಗಬೇಕು.

ಅಮ್ಮನಿಗೆ ಬಿಡುವಿಲ್ಲದ್ದರಿಂದ ನಿಮ್ಮನ್ನು ಟ್ಯೂಷನ್ನಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ಬೇರೆ ತಾಯಂದಿರು ಸ್ಕೂಟಿಯಲ್ಲಿ ಬಂದು ಮಕ್ಕಳನ್ನು ಇಳಿಸಿ ಹೋಗುತ್ತಿದ್ದರು. ನನ್ನ ಮೊಣಕಾಲಿಗೆ ಎರಡೆರಡು ಸಲ ನಡೆಯಲು ಆಗುತ್ತಿರಲಿಲ್ಲ. ಕಿಟಕಿಯ ಕೆಳಗೆ ಒಂದು ಹಾಸುಗಲ್ಲು ಇತ್ತು, ಅದರ ಪಕ್ಕ ಮಕ್ಕಳ ಚಪ್ಪಲಿಗಳ ಗುಡ್ಡೆ. ಅಲ್ಲಿ ಒಂದು ಗಂಟೆ ಕೂರುತ್ತಿದ್ದೆ.

ಆಗ ನಿಮಗೆ ನಡೆಯುತ್ತಿದ್ದದ್ದು ಇಂಗ್ಲಿಷ್ ಕ್ರಿಯಾಪದಗಳ ಪಾಠ. ಒಂದು ದೊಡ್ಡ ಪದ, ಅದರ ಹಿಂದೆ ಒಂದು ಸಣ್ಣ ಪದ. ಸಣ್ಣದು ಬಂದು ನಿಂತ ಕೂಡಲೇ ದೊಡ್ಡದರ ಅರ್ಥವೇ ಬೇರೆ.

"ಎತ್ತು ದೊಡ್ಡದೋ, ಮೂಗುದಾರ ದೊಡ್ಡದೋ?" ಎಂದು ಮೇಷ್ಟ್ರು ಕೇಳಿದರು.

"ಎತ್ತು ಸರ್!"

"ಎತ್ತು ಹೋಗೋದು ಯಾವ ಕಡಿಗೆ?"

ಯಾರೂ ಮಾತಾಡಲಿಲ್ಲ. ಒಳಗಿದ್ದವರಲ್ಲಿ ಎತ್ತು ಕಟ್ಟಿದ ಮನೆಯ ಮಕ್ಕಳು ಇಲ್ಲವೆಂದು ಕಾಣುತ್ತದೆ. ಹೊರಗೆ ಕೂತ ನಾನು ಮನಸ್ಸಿನಲ್ಲೇ ಹೇಳಿದೆ, ಮೂಗುದಾರ ಎಳೆದ ಕಡೆಗೆ. ಮೇಷ್ಟ್ರು ಅದನ್ನೇ ಹೇಳಿದರು. "ಲುಕ್ ಅನ್ನೋದು ಎತ್ತು. ಆಫ್ಟರ್ ಅನ್ನೋದು ಮೂಗುದಾರ. ಲುಕ್ ಅಂದ್ರೆ ನೋಡು. ಲುಕ್ ಆಫ್ಟರ್ ಅಂದ್ರೆ?"

"ಆಮೇಲೆ ನೋಡೋದು ಸರ್."

"ಲೇ, ನಿಮ್ಮವ್ವ ನಿನ್ನ ಆಮೇಲೆ ನೋಡ್ತೀನಿ ಅಂತ ಬಿಟ್ಟಿದ್ರೆ ನೀನು ಇಷ್ಟು ದುಂಡಗೆ ಆಗ್ತಿದ್ದೇನಲೇ? ಲುಕ್ ಆಫ್ಟರ್ ಅಂದ್ರೆ ಜ್ವಾಕಿ ಮಾಡೋದು, ನೋಡ್ಕೊಳ್ಳೋದು. ಲುಕ್ ಫಾರ್ ಅಂದ್ರೆ ಹುಡುಕೋದು. ಲುಕ್ ಡೌನ್ ಆನ್ ಅಂದ್ರೆ ಕೀಳಾಗಿ ಕಾಣೋದು. ಕಣ್ಣು ಅದೇ, ನೋಟ ಬ್ಯಾರೆ."

ದೊಡ್ಡ ಪದಕ್ಕೆ ಹೆದರಬೇಡಿ, ಸಣ್ಣದಕ್ಕೆ ಹೆದರಿ ಎಂದು ಅವರು ಬಹಳ ಸಲ ಹೇಳುತ್ತಿದ್ದರು. ದೊಡ್ಡದು ಡಿಕ್ಷನರಿ ತೆಗೆದರೆ ಸಿಗುತ್ತದೆ. ಸಣ್ಣದರ ಗುಟ್ಟು ಅದನ್ನು ಆಡುವವರ ಜೊತೆ ಇದ್ದರೆ ಮಾತ್ರ ಗೊತ್ತಾಗುತ್ತದೆ. "ನಮ್ಮಾಗೂ ಐತೆ ಇದು," ಎಂದು ಒಂದು ದಿನ ಹೇಳಿದರು. "ಕೊಡು ಅಂದ್ರೆ ಕೊಡು. ಮಾತು ಕೊಟ್ಟ ಅಂದ್ರೆ ಒಂದು, ಕೈ ಕೊಟ್ಟ ಅಂದ್ರೆ ಇನ್ನೊಂದು. ನಾವು ಮುಂದೆ ಕಟ್ತೀವಿ, ಅವರು ಹಿಂದೆ ಕಟ್ತಾರ. ಅಷ್ಟೇ. ಇದ್ರಾಗೆ ಹೆದರೋದೇನೈತೆ?" ನಾನು ಏಳನೇ ಕ್ಲಾಸು ಬಿಟ್ಟ ಮೇಲೆ ಓದಿನ ವಿಷಯದಲ್ಲಿ ಹೆದರುವುದೇನಿದೆ ಎಂದು ಯಾರೂ ಕೇಳಿರಲಿಲ್ಲ.

ಕಿಟಕಿಯಿಂದ ಅವರ ದನಿ ಕೇಳುತ್ತಿತ್ತು, ಬೋರ್ಡು ಕಾಣುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ ನನಗೆ ಕೂಡಿಸಿ ಓದುವಷ್ಟು ಬರುತ್ತಿತ್ತು. ಕತ್ತು ಎತ್ತಿ ಇಣುಕಿದರೆ ಮಕ್ಕಳು ನೋಡಿಯಾರು ಎಂದು ನಾಚಿಕೆ. ಹೀಗೆ ಒಂದು ತಿಂಗಳಾಗಿರಬೇಕು. ಒಂದು ಸಂಜೆ ಹೋದಾಗ ಮೂರು ಕಾಲಿನ ಆ ಬೋರ್ಡು ಓರೆಯಾಗಿ ಕಿಟಕಿಯ ಕಡೆಗೆ ತಿರುಗಿ ನಿಂತಿತ್ತು. ನೀವೆಲ್ಲ ಗಲಾಟೆ ಮಾಡಿದಿರಿ.

"ಸರ್, ಬೋರ್ಡು ಸೊಟ್ಟಗೈತ್ರಿ."

"ಬೆಳಕು ಚೆನ್ನಾಗಿ ಬೀಳ್ತದೆ ಅಲ್ಲಿ. ನಿಮ್ಮ ಕುತ್ತಿಗಿ ತಿರುಗ್ತದಲ್ಲ? ತಿರುವ್ರಿ."

ಅದಾದ ಮೇಲೆ ಬೋರ್ಡು ಹಾಗೇ ಉಳಿಯಿತು. ಅವರು ಒಂದು ಸಲವೂ ಕಿಟಕಿಯ ಕಡೆ ನೋಡಲಿಲ್ಲ. ಆದರೆ ಅಕ್ಷರಗಳು ದೊಡ್ಡವಾದವು.

ಒಂದು ದಿನ ಪಾಠದ ನಡುವೆ, ಮೂರು ದಿನದಿಂದ ಬ್ರೆಡ್ಡೇ ಊಟ ಎಂದು ಮಕ್ಕಳಿಗೆ ಹೇಳಿ ನಗುತ್ತಿದ್ದರು. ಮರುದಿನ ನಾಲ್ಕು ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ ಒಂದು ಸ್ಟೀಲ್ ಡಬ್ಬಿಗೆ ಹಾಕಿ ನಿನ್ನ ಕೈಗೆ ಕೊಟ್ಟೆ. "ಸರ್‌ಗೆ ಕೊಡು. ಯಾರು ಕೊಟ್ರು ಅಂದ್ರೆ ಮನ್ಯಾಗೆ ಕೊಟ್ರು ಅನ್ನು" ಎಂದೆ. ಮರುದಿನ ಡಬ್ಬಿ ನಿನ್ನ ಬ್ಯಾಗಿನಲ್ಲಿ ತಿರುಗಿ ಬಂತು. ಪಾತ್ರೆಯನ್ನು ಬರಿದಾಗಿ ಕಳಿಸಬಾರದಲ್ಲ, ಸಕ್ಕರೆ ಇಟ್ಟಿರುತ್ತಾರೆ ಎಂದು ಮನೆಯಲ್ಲಿ ತೆಗೆದು ನೋಡಿದೆ. ಒಳಗೆ ಮಡಿಚಿದ ಒಂದು ಚೀಟಿ. "ಸಕ್ಕರೆ ಮುಗಿದಿದೆ. ಬರಿದು ಕಳಿಸಬಾರದೆಂದು ಇದು" ಎಂದು ಮೇಲೆ ಬರೆದು, ಕೆಳಗೆ ಲುಕ್ ಪದದ ಐದು ರೂಪ, ಪ್ರತಿಯೊಂದಕ್ಕೂ ಕನ್ನಡದಲ್ಲಿ ಅರ್ಥ. ಕೊನೆಗೆ, "ಒಂದೊಂದಕ್ಕೆ ಒಂದು ವಾಕ್ಯ." ಯಾರಿಗೆ ಎಂದು ಬರೆದಿರಲಿಲ್ಲ. ಬರೆಯಬಾರದು ಎಂಬ ತಿಳಿವಳಿಕೆ ಅವರಿಗಿತ್ತು.

ನಾನು ವಾಕ್ಯ ಬರೆದೆ. ಎರಡು ದಿನ ಹಿಡಿಯಿತು. ಡಬ್ಬಿಯ ತಳದಲ್ಲಿ ಚೀಟಿ, ಅದರ ಮೇಲೆ ಎಲೆ, ಎಲೆಯ ಮೇಲೆ ರೊಟ್ಟಿ. ಹೀಗೆ ಶುರುವಾಯಿತು. ವಾರಕ್ಕೆ ಎರಡು ಸಲ ರೊಟ್ಟಿ ಹೋಗುತ್ತಿತ್ತು, ಚೀಟಿ ಬರುತ್ತಿತ್ತು. ನೀನು ಹೊತ್ತು ತರುತ್ತಿದ್ದೆ, ಒಳಗೇನಿದೆ ಎಂದು ನಿನಗೆ ಗೊತ್ತಿರಲಿಲ್ಲ.

ಗಿವ್ ಅಪ್ ಎಂಬುದಕ್ಕೆ ಮೊದಲು ಅರ್ಥ ಕೊಡದೆ ನನ್ನನ್ನೇ ಊಹಿಸಲು ಬಿಟ್ಟಿದ್ದರು. ಗಿವ್ ಅಂದರೆ ಕೊಡು, ಅಪ್ ಅಂದರೆ ಮೇಲೆ. ಊರಲ್ಲಿ ಬಣವೆ ಒಟ್ಟುವಾಗ ನಿಮ್ಮ ತಾತ ಮೇಲೆ ನಿಲ್ಲುತ್ತಿದ್ದರು, ನಾನು ಕೆಳಗಿನಿಂದ ಹುಲ್ಲಿನ ಹೊರೆ ಎತ್ತಿ ಕೊಡುತ್ತಿದ್ದೆ. ಅದನ್ನೇ ಬರೆದೆ, ನಾನು ನನ್ನ ಗಂಡನಿಗೆ ಹುಲ್ಲು ಗಿವ್ ಅಪ್ ಮಾಡುತ್ತೇನೆ ಎಂದು. ಕೆಂಪು ಪೆನ್ನಿನಲ್ಲಿ ಉತ್ತರ ಬಂತು. "ವಾಕ್ಯ ತಪ್ಪು. ಚಿತ್ರ ಚೆನ್ನಾಗಿದೆ. ಗಿವ್ ಅಪ್ ಅಂದರೆ ಕೈಬಿಡುವುದು, ಸೋತು ಬಿಟ್ಟುಬಿಡುವುದು." ತಪ್ಪು ಎಂದ ಮೇಲೂ ಅವರು ಆ ವಾಕ್ಯವನ್ನು ಹೊಡೆದು ಹಾಕಿರಲಿಲ್ಲ. ಆ ಚೀಟಿಯನ್ನು ಎಷ್ಟು ಸಲ ಓದಿದೆನೋ.

ಒಂದು ವರ್ಷ ಹೀಗೆ ನಡೆಯಿತು. ಬ್ರಿಂಗ್ ಅಂದರೆ ತರುವುದು, ಬ್ರಿಂಗ್ ಅಪ್ ಅಂದರೆ ಸಾಕಿ ಬೆಳೆಸುವುದು. ಪುಟ್ ಅಂದರೆ ಇಡುವುದು, ಪುಟ್ ಆಫ್ ಅಂದರೆ ನಾಳೆಗೆ ತಳ್ಳುವುದು, ಪುಟ್ ಅಪ್ ವಿತ್ ಅಂದರೆ ಸಹಿಸಿಕೊಂಡು ಹೋಗುವುದು. ಕೊನೆಯದಕ್ಕೆ ನಾನು ಒಂದೇ ಸಲಕ್ಕೆ ಆರು ವಾಕ್ಯ ಬರೆದಿದ್ದೆ. ಮೇಷ್ಟ್ರು ಆರಕ್ಕೂ ಸರಿ ಹಾಕಿ, "ಒಂದು ಸಾಕಿತ್ತು" ಎಂದು ಬರೆದಿದ್ದರು. ಒಂದು ದಿನ ಊಟಕ್ಕೆ ಕೂತಾಗ ನಿನ್ನ ತಮ್ಮ ಇಂಗ್ಲಿಷಿನಲ್ಲಿ ನಿಮ್ಮಪ್ಪನ ಬಗ್ಗೆ ಏನೋ ಅಂದ, ಅಂಗಡಿಯ ಬಾಗಿಲು ರಿಪೇರಿಯನ್ನು ಅಪ್ಪ ಪುಟ್ ಆಫ್ ಮಾಡುತ್ತಲೇ ಇದ್ದಾನೆ ಎಂದು. ನಾನು ನಿಮಗಿಂತ ಮೊದಲೇ ನಕ್ಕೆ. ನೀವು ಯಾರೂ ಗಮನಿಸಲಿಲ್ಲ. ನಾನು ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತುಕೊಂಡೆ.

ಆಗಲೇ ಹೇಳಬಹುದಿತ್ತು, ನಾನು ಕಲಿಯುತ್ತಿದ್ದೇನೆ ಎಂದು. ಹೇಳಲಿಲ್ಲ. ಈ ವಯಸ್ಸಿಗೆ ಇಂಗ್ಲಿಷು ಎಂದು ನಗುತ್ತಾರೆಂಬ ಅಂಜಿಕೆ ಒಂದು. ಒಬ್ಬ ಗಂಡಸಿನ ಕೈಬರಹ ನನ್ನ ಡಬ್ಬಿಯಲ್ಲಿ ಬರುತ್ತಿದೆ ಎಂಬ ಅಂಜಿಕೆ ಇನ್ನೊಂದು. ಅದರಲ್ಲಿ ತಪ್ಪೇನೂ ಇರಲಿಲ್ಲ, ನನಗೂ ಗೊತ್ತಿತ್ತು. ಆದರೆ ಗಂಡ ಸತ್ತವಳಿಗೆ ತಪ್ಪಿಲ್ಲದ್ದನ್ನೂ ಮುಚ್ಚಿಟ್ಟುಕೊಳ್ಳುವ ಚಾಳಿ ಬಂದುಬಿಡುತ್ತದೆ. ಚೀಟಿಗಳನ್ನು ಅಡುಗೆಮನೆಯ ಶೆಲ್ಫಿಗೆ ಹಾಸಿದ ಪೇಪರಿನ ಕೆಳಗೆ ಇಡುತ್ತಿದ್ದೆ.

ಆಮೇಲೆ ಗೆಟ್ ಓವರ್ ಎಂಬುದು ಬಂತು. ದುಃಖವನ್ನು ದಾಟಿ ಈಚೆಗೆ ಬರುವುದು ಎಂದು ಅರ್ಥ. ಅಷ್ಟರಲ್ಲಿ ಕನ್ನಡದಲ್ಲಿ ಅರ್ಥ ಬರೆಯುವುದನ್ನು ಅವರು ನಿಲ್ಲಿಸಿದ್ದರು, ಎಲ್ಲ ಇಂಗ್ಲಿಷಿನಲ್ಲೇ. ನಾನೇ ಓದಿಕೊಳ್ಳುತ್ತೇನೆಂದು ನನಗೆ ಹೆಮ್ಮೆ. ಆದರೆ ಆ ಪದಕ್ಕೆ ವಾಕ್ಯ ಬರೆಯಲು ನನ್ನಿಂದಾಗಲಿಲ್ಲ. ನಿಮ್ಮ ತಾತನ ಚಪ್ಪಲಿ ಆಗಲೂ ನನ್ನ ಟ್ರಂಕಿನಲ್ಲಿತ್ತು. ಎರಡು ಸಲ ರೊಟ್ಟಿ ಕಳಿಸಿದೆ, ಚೀಟಿ ಇಡಲಿಲ್ಲ.

ಅದರ ಮುಂದಿನ ದಿನ ಅಮಾವಾಸ್ಯೆ. ಪಕ್ಕದ ಮನೆಯ ಹೆಂಗಸರ ಜೊತೆ ಉಕ್ಕಡಗಾತ್ರಿಗೆ ಹೋದೆ. ನಿಮ್ಮನ್ನು ಟ್ಯೂಷನ್ನಿನಿಂದ ಕರೆತರಲು ನಿಮ್ಮಮ್ಮ ರಜೆ ಹಾಕಿದ್ದಳು. ಹೊಳೆಯಲ್ಲಿ ಮಿಂದು, ಅಲ್ಲಿನ ದೇವರು ಅಜ್ಜಯ್ಯನಿಗೆ ಕಾಯಿ ಒಡೆಸಿ, ಬಸ್ಸು ಹಿಡಿದು ಸಂಜೆ ಮನೆಗೆ ಬಂದರೆ ಬಾಗಿಲು ತೆರೆದೇ ಇತ್ತು. ಒಳಕೋಣೆಯಲ್ಲಿ ನೀನು ಬಿಕ್ಕುತ್ತಿದ್ದೆ. ನಿನ್ನ ಕೆನ್ನೆ ಕೆಂಪಾಗಿತ್ತು. ನಡುಮನೆಯಲ್ಲಿ ನಿಮ್ಮಪ್ಪ, ಕೈಯಲ್ಲಿ ಚೀಟಿ. ಡಬ್ಬಿ ತೊಳೆಯಲೆಂದು ನಿಮ್ಮಮ್ಮ ತೆಗೆದಿದ್ದಳು.

"ಅತ್ತಿ, ನೋಡ್ರಿ ಆ ಮುದುಕನ ಬುದ್ಧಿ! ನಮ್ಮ ಹುಡುಗಿ ಡಬ್ಬ್ಯಾಗೆ ಏನು ಬರೆದಿಟ್ಟಾನ. ಬಿಟ್ಟುಕೊಡಬ್ಯಾಡ, ನಿನ್ನ ಉತ್ತರಕ್ಕೆ ಕಾಯ್ತಿರ್ತೀನಿ ಅಂತ. ಹದಿಮೂರು ವರ್ಷದ ಹುಡುಗಿಗೆ!"

ಅವಳು ಓದಿ ಹೇಳುವ ಮೊದಲೇ ನಾನು ಓದಿದ್ದೆ. ಡು ನಾಟ್ ಗಿವ್ ಅಪ್. ಐ ಲುಕ್ ಫಾರ್ವರ್ಡ್ ಟು ಯುವರ್ ಆನ್ಸರ್. ಅದು ನನಗೆ. ಗೆಟ್ ಓವರ್ ಪದಕ್ಕೆ ವಾಕ್ಯ ಬರೆಯದೆ ಕೈಚೆಲ್ಲಿದ ನನಗೆ.

ಒಳಗಿನಿಂದ ನೀನು ಅಂದೆ, "ನಂಗೊತ್ತಿಲ್ಲಮ್ಮ, ನಾನು ಅದನ್ನ ನೋಡೇ ಇಲ್ಲ." ನಾನು ಬಾಯಿ ತೆರೆದೆ. ನಿಮ್ಮಪ್ಪ ನನ್ನ ಮುಖ ನೋಡಿದ. "ಅವ್ವಾ, ನೀನು ಒಳಗೆ ಹೋಗು, ನಿಂಗಿದು ತಿಳಿಯಂಗಿಲ್ಲ" ಎಂದ. ನಾನು ಒಳಗೆ ಹೋದೆ. ಪ್ರಸಾದದ ಚೀಲ ಕೈಯಲ್ಲೇ ಇತ್ತು. ಒಂದು ನಿಮಿಷ ತಡವಾಯಿತು, ಆಮೇಲೆ ಆ ಒಂದು ನಿಮಿಷ ಯಾಕೆ ತಡ ಮಾಡಿದೆ ಎಂದು ಕೇಳುತ್ತಾರೆಂಬ ಹೆದರಿಕೆ ಸೇರಿಕೊಂಡಿತು. ಮರುದಿನ ಇನ್ನೂ ಕಷ್ಟವಾಯಿತು. ಸುಳ್ಳು ಹೇಳಲಿಲ್ಲ ನಾನು. ಸುಮ್ಮನಿದ್ದೆ. ಸುಳ್ಳಿಗಿಂತ ಅದೇನೂ ಮೇಲಲ್ಲ.

ನಿಮ್ಮಪ್ಪ ಅಮ್ಮ ಬೆಳಗ್ಗೆ ಮೇಷ್ಟ್ರ ಕೋಣೆಗೆ ಹೋದರು. ಅಲ್ಲಿ ನಡೆದದ್ದನ್ನು ನಿಮ್ಮಮ್ಮ ಬಂದು ಹೇಳಿದಳು. ಚೀಟಿ ನೋಡಿ ಮೇಷ್ಟ್ರು "ನಾನೇ ಬರೆದದ್ದು" ಎಂದರಂತೆ.

"ಯಾರಿಗೆ?"

"ನಿಮ್ಮ ಮಗಳಿಗಲ್ಲ. ಆ ಕೂಸಿಗೆ ಏನೂ ಗೊತ್ತಿಲ್ಲ, ಬೈಬ್ಯಾಡ್ರಿ."

"ಹಂಗಾರೆ ಯಾರಿಗ್ರಿ?"

ಮೇಷ್ಟ್ರು ಕೈಮುಗಿದು ನಿಂತರಂತೆ. "ತಪ್ಪಿಲ್ದಿದ್ರೆ ಹೆಸರು ಹೇಳ್ತಿರ್ಲಿಲ್ವಾ ಅತ್ತಿ?" ಎಂದು ನಿಮ್ಮಮ್ಮ ನನ್ನನ್ನೇ ಕೇಳಿದಳು. ನಾನು ಅಕ್ಕಿ ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ.

ನಿಮ್ಮಮ್ಮನದು ತಪ್ಪಿಲ್ಲ. ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು. ಅವಳು ಇನ್ನೊಬ್ಬಳಿಗೆ ಹೇಳಿದಳು, ಆಕೆ ಮತ್ತೊಬ್ಬಳಿಗೆ. ಹದಿನೈದು ದಿನದಲ್ಲಿ ಕಿಟಕಿಯ ಕೆಳಗಿನ ಚಪ್ಪಲಿಗಳೆಲ್ಲ ಖಾಲಿಯಾದವು. ನಾನು ಅದನ್ನು ಹೋಗಿ ನೋಡಿದೆ, ತರಕಾರಿಯ ನೆಪ ಮಾಡಿಕೊಂಡು. ಬಾಗಿಲು ಮುಂದೆ ಮಾಡಿತ್ತು. ಕಿಟಕಿಯಿಂದ ನೋಡಿದರೆ ಒಳಗೆ ಬೋರ್ಡು ಇನ್ನೂ ಓರೆಯಾಗಿಯೇ ಇತ್ತು.

ನಮ್ಮ ಇನ್ನೊಂದು ಡಬ್ಬಿ ಅವರಲ್ಲಿ ಉಳಿದಿತ್ತು. ಹಾಲಿನವನ ಕೈಯಲ್ಲಿ ಕಳಿಸಿದರು. ತೆಗೆದರೆ ತುಂಬ ಸಕ್ಕರೆ, ಎಲ್ಲ ಮನೆಯವರೂ ಹಾಕಿ ಕಳಿಸುವ ಹಾಗೆ. ಬೆರಳಾಡಿಸಿ ತಳದವರೆಗೂ ನೋಡಿದೆ. ಚೀಟಿ ಇರಲಿಲ್ಲ. ಆ ತಿಂಗಳ ಕೊನೆಗೆ ಅವರು ಕೋಣೆ ಬಿಟ್ಟು ಹರಿಹರಕ್ಕೆ, ಅಕ್ಕನ ಮನೆಗೆ ಹೋದರೆಂದು ಗೊತ್ತಾಯಿತು.

ಅವರನ್ನು ಮತ್ತೆ ಒಂದೇ ಸಲ ನೋಡಿದೆ. ಹೋದ ವರ್ಷ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೋಗಿ ಬರುವಾಗ ನಮ್ಮ ಬಸ್ಸು ಹರಿಹರದ ಸ್ಟ್ಯಾಂಡಿನಲ್ಲಿ ನಿಂತಿತ್ತು. ಕಿಟಕಿಯ ಪಕ್ಕ ನಾನು. ಕೆಳಗೆ ಮೇಷ್ಟ್ರು, ಗಂಟು ಹೊತ್ತ ಒಬ್ಬ ಮುದುಕಿಗೆ ಬಸ್ಸಿನ ಬೋರ್ಡು ಓದಿ ಹೇಳುತ್ತಿದ್ದರು. "ಇದು ರಾಣೆಬೆನ್ನೂರಿಗೆ ಹೋಕ್ಕತಿ ತಾಯಿ, ನಿಮ್ಮದು ಆ ಕಡೆ." ಬಹಳ ಇಳಿದುಹೋಗಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನೂ ಇರಲಿಲ್ಲ, ಕಲೆಯೂ ಇರಲಿಲ್ಲ. ತಿರುಗಿದಾಗ ಅವರಿಗೆ ನಾನು ಕಂಡೆ. ಅವರು ಎರಡು ಹೆಜ್ಜೆ ಬಸ್ಸಿನ ಹತ್ತಿರ ಬಂದು, ಅಷ್ಟು ದಿನದಲ್ಲಿ ಮೊದಲ ಸಲ ನನ್ನ ಜೊತೆ ಮಾತಾಡಿದರು.

"ಓದ್ತಾ ಇದೀರಾ?"

ನಾನು ಹೂಂ ಎಂದು ತಲೆಯಾಡಿಸಿದೆ. ಅದೂ ನಿಜವಲ್ಲ, ಯಾವಾಗಲೋ ಬಿಟ್ಟಿದ್ದೆ. ಅವರ ಮುಖದಲ್ಲಿ ಸಂತೋಷ ಕಂಡಿತು. ನನ್ನ ಪಕ್ಕ ಪರಿಚಯದ ಹೆಂಗಸರಿದ್ದರು, ಯಾರು ಅದು ಎಂದು ನೋಡುತ್ತಿದ್ದರು. ಬಸ್ಸು ಹೊರಟಿತು. ಇಳಿದಿದ್ದರೆ ಏನಾಗುತ್ತಿತ್ತು? ಇನ್ನೊಂದು ಬಸ್ಸು ಬರುತ್ತಿತ್ತು, ಅಷ್ಟೇ.

ಹೋದ ತಿಂಗಳು ನಿಮ್ಮಮ್ಮ ಕ್ಲಿನಿಕ್ಕಿನಿಂದ ಬಂದವಳು ಚಹಾ ಕುಡಿಯುತ್ತ, "ಆ ಟ್ಯೂಷನ್ ಮುದುಕ ಹರಿಹರದಾಗೆ ತೀರ್ಕಂಡನಂತೆ ಅತ್ತಿ" ಎಂದಳು. ಬೆಂಡೆಕಾಯಿಯ ದರ ಹೇಳಿದ ಹಾಗೆ.

"ಆ ಚೀಟಿ ನನಗೆ ಬರೆದದ್ದು" ಎಂದೆ.

"ಯಾವ ಚೀಟಿ?" ಎಂದಳು ಅವಳು. ಅವಳು ಅದನ್ನು ಮರೆತೇ ಬಿಟ್ಟಿದ್ದಳು, ಚಂದನಾ. ನನ್ನ ಎದೆಯ ಮೇಲೆ ಮೂರು ವರ್ಷ ಕೂತಿದ್ದದ್ದು ಅವಳಿಗೆ ನೆನಪೂ ಇರಲಿಲ್ಲ.

ಶೆಲ್ಫಿನ ಪೇಪರ್ ಎತ್ತಿ ಎಲ್ಲವನ್ನೂ ತಂದು ಅವಳ ಮುಂದಿಟ್ಟೆ. ಅವಳು ಒಂದೊಂದೇ ಓದಿದಳು. ಹುಲ್ಲಿನ ಹೊರೆಯ ವಾಕ್ಯ ಬಂದಾಗ ನಗು ಬಂತು ಅವಳಿಗೆ, ನಗುತ್ತಲೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಕೈ ತೆಗೆದು, "ನಾನು ಹುಡುಗಿಗೆ ಹೊಡೆದೆನಲ್ಲ ಅತ್ತಿ. ಆಗ ಯಾಕ ಹೇಳ್ಲಿಲ್ಲ?" ಎಂದಳು.

ನಾನು ಚೀಟಿಗಳನ್ನು ಮತ್ತೆ ಮಡಿಚಿಟ್ಟೆ. ರಾತ್ರಿ ನಿಮ್ಮಪ್ಪನಿಗೂ ಹೇಳಿದೆ. ಅವನು ಉಂಡು ಎದ್ದು ಹೋದ. ಬೆಳಗ್ಗೆ ಅಂಗಡಿಗೆ ಹೊರಟವನು ಬಾಗಿಲಲ್ಲಿ ನಿಂತು, "ಅವ್ವಾ, ಅವತ್ತು ನಾನು ಅವರ ಅಂಗಿ ಹಿಡಿದಿದ್ದೆ" ಎಂದ. ಇದನ್ನು ನಿಮ್ಮಮ್ಮ ನನಗೆ ಹೇಳಿರಲಿಲ್ಲ. ಅಂಗಿ ಹಿಡಿದಾಗಲೂ ಅವರು ನನ್ನ ಹೆಸರು ಹೇಳಲಿಲ್ಲ.

ಸತ್ತವರ ಹೆಸರಲ್ಲಿ ಊಟ ಹಾಕುವ ಶಿವಗಣಾರಾಧನೆಯ ದಿನ ನಾನೂ ನಿಮ್ಮಮ್ಮನೂ ಹರಿಹರಕ್ಕೆ ಹೋದೆವು. ಹೊಳೆಯ ಕಡೆಗೆ ಹೋಗುವ ಓಣಿಯಲ್ಲಿ ಸಣ್ಣ ಮನೆ. ಪಡಸಾಲೆಯಲ್ಲಿ ಇಪ್ಪತ್ತು ಜನ ಇದ್ದರೇನೋ. ಅವರ ಅಕ್ಕ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ನಿಮ್ಮಮ್ಮ ಹೊಸ್ತಿಲ ಹತ್ತಿರವೇ ನಿಂತುಬಿಟ್ಟಳು.

"ಯಾರವ್ವಾ ನೀವು?"

"ಮೇಷ್ಟ್ರ ಹತ್ರ ಕಲಿತಾಕಿ ನಾನು. ದಾವಣಗೆರಿಯಾಗೆ."

ಊಟ ಬಡಿಸುತ್ತಿದ್ದ ಒಬ್ಬ, "ಯಾವ ಬ್ಯಾಚ್ ಅಮ್ಮಾ?" ಎಂದು ತಮಾಷೆ ಮಾಡಿದ. ಎರಡು ಮೂರು ಜನ ನಕ್ಕರು. "ಕೊನೇ ಬ್ಯಾಚು" ಎಂದೆ. "ನನ್ನಿಂದಾನೇ ಅದು ಕೊನೇದಾಯ್ತು." ಆಮೇಲೆ ಎಲ್ಲರಿಗೂ ಕೇಳುವಂತೆ ಎಲ್ಲವನ್ನೂ ಹೇಳಿದೆ. ಡಬ್ಬಿ, ಚೀಟಿ, ನಾನು ಸುಮ್ಮನಿದ್ದದ್ದು. ಅಷ್ಟು ಜನರ ಮುಂದೆ ನಾನು ಯಾವತ್ತೂ ಮಾತಾಡಿದವಳಲ್ಲ. ಬಡಿಸುತ್ತಿದ್ದವನು ಸಾರಿನ ಪಾತ್ರೆ ಹಿಡಿದು ಹಾಗೇ ನಿಂತಿದ್ದ.

ಅಕ್ಕ ನನ್ನ ಕೈ ಹಿಡಿಯುತ್ತಾರೆಂದೋ, ಬೈಯುತ್ತಾರೆಂದೋ ಅಂದುಕೊಂಡಿದ್ದೆ. ಅವರು ಎರಡನ್ನೂ ಮಾಡಲಿಲ್ಲ. ಗೋಡೆಯ ಕಡೆ ನೋಡುತ್ತ ಹೇಳಿದರು.

"ಅವ ಇಲ್ಲಿಗೆ ಬಂದಾಗ ಜನ ನನ್ನ ಕಿವಿಗೂ ಹಾಕಿದ್ರು. ಒಂದಿನ ಉಣ್ಣಾಕ ಕುಂತಿದ್ದ. ನಾನೇ ಕೇಳಿದೆ, ಈ ವಯಸ್ಸಿಗೆ ನಿನಗಿದು ಬೇಕಿತ್ತೇನೋ ತಮ್ಮಾ ಅಂತ. ಅವ ಎದ್ದ. ತಾಟು ತಾನೇ ತೊಳೆದಿಟ್ಟ. ಅವತ್ತಿನಿಂದ ಒಬ್ನೇ ಹೊರಗಿನ ಕಟ್ಟಿ ಮ್ಯಾಲೆ ಕುಂತು ಉಣ್ತಿದ್ದ. ನಾನು ಕರೀಲಿಲ್ಲ. ಒಡಹುಟ್ಟಿದಾಕಿ ನಾನೂ ನಂಬಲಿಲ್ಲ ನೋಡವ್ವ."

ನಿಮ್ಮಮ್ಮ ಬಂದು ಅವರ ಕಾಲು ಹಿಡಿದಳು. ಅವರು ಬೇಡ ಎನ್ನಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. ಕೊನೆಗೆ "ಉಂಡು ಹೋಗ್ರಿ" ಎಂದರು. ನಾವು ಪಂಕ್ತಿಯಲ್ಲಿ ಕೂತು ಉಂಡೆವು.

ಬಸ್ಸಿನಲ್ಲಿ ಬರುವಾಗ ನಿಮ್ಮಮ್ಮ, "ಚಂದನಾಗೆ ನಾನು ಫೋನ್ ಮಾಡಿ ಹೇಳ್ತೀನಿ" ಎಂದಳು. ಬ್ಯಾಡ, ನಾನೇ ಬರೀತೀನಿ ಎಂದೆ. ಆಗ ನಿನಗೆ ಬಿದ್ದ ಏಟು ನನಗೆ ಬೀಳಬೇಕಾದದ್ದು. ಆಮೇಲೆ ಒಂದು ವರ್ಷ ನೀನು ಯಾವ ಮೇಷ್ಟ್ರ ಹತ್ತಿರವೂ ಅನುಮಾನ ಬಂದರೆ ಕೇಳದೆ ಸುಮ್ಮನಿರುತ್ತಿದ್ದೆ. ನಾನು ಅದನ್ನೂ ನೋಡುತ್ತಿದ್ದೆ. ಅವರು ನಿನ್ನ ವಿಷಯದಲ್ಲಿ ಯಾವ ತಪ್ಪನ್ನೂ ಮಾಡಲಿಲ್ಲ. ನಿನ್ನನ್ನು ಬೈಬೇಡಿ ಎಂದದ್ದು ಬಿಟ್ಟು ತಮಗಾಗಿ ಒಂದು ಮಾತೂ ಆಡಲಿಲ್ಲ. ನನ್ನ ಮೇಲೆ ನಿನಗೆ ಸಿಟ್ಟು ಬಂದರೆ ಬರಲಿ, ಹಬ್ಬಕ್ಕೆ ಬಂದಾಗ ಮುಖಕ್ಕೇ ಹೇಳು.

ಒಂದು ಕೆಲಸ ಮಾತ್ರ ಮಾಡಿಕೊಡು. ಆ ಟ್ಯೂಷನ್ನಿಗೆ ನಿನ್ನ ಜೊತೆ ಬರುತ್ತಿದ್ದ ಹುಡುಗಿಯರ ನಂಬರು ನಿನ್ನ ಹತ್ತಿರ ಇರುತ್ತದೆ. ಒಬ್ಬೊಬ್ಬರಿಗೂ ಹೇಳು, ಅವರ ತಾಯಂದಿರಿಗೂ ಹೇಳಲು ಹೇಳು. ಆ ಚೀಟಿ ನಮ್ಮಜ್ಜಿಯದು, ಅಜ್ಜಿ ಕದ್ದು ಇಂಗ್ಲಿಷ್ ಕಲೀತಿದ್ಲು, ಸಿಕ್ಕಿಬಿದ್ದಾಗ ಹೆದರಿ ಬಾಯಿ ಮುಚ್ಚಿಕೊಂಡ್ಲು ಅಂತ ಹೇಳು. ನಕ್ಕರೆ ನಗಲಿ.